ಖಾಲಿ ಉಳಿದ ಎರಡನೇ ಸಾಲು

ಹೋದ ವಾರ ನಮ್ಮ ಮನೆಯಲ್ಲಿ ಹಾಲು ಒಡೆಯಿತು. ಕಾರಣ ತರ್ಕಶಾಸ್ತ್ರ.

ನಗಬೇಡಿ, ನಡೆದದ್ದನ್ನು ನಡೆದ ಹಾಗೇ ಹೇಳುತ್ತಿದ್ದೇನೆ. ಬೆಳಿಗ್ಗೆ ಶೈಲಾ (ನನ್ನ ಹೆಂಡತಿ) ಗ್ಯಾಸಿನ ಮೇಲೆ ಹಾಲಿಟ್ಟಳು. ಸ್ನಾನಕ್ಕೆ ಹೋಗುವಾಗ ವೈಶಾಲಿಗೆ, “ಹಾಲು ಉಕ್ಕಿ ಬಂದ್ರ ಗ್ಯಾಸ್ ಬಂದ್ ಮಾಡವ್ವಾ” ಎಂದು ಹೇಳಿ ಹೋದಳು. ವೈಶಾಲಿಗೆ ಕಾಲೇಜಿಗೆ ಹೊತ್ತಾಗಿತ್ತು. ಹಾಲು ಇನ್ನೂ ಉಗುರುಬೆಚ್ಚಗಿರುವಾಗಲೇ ಗ್ಯಾಸ್ ಬಂದ್ ಮಾಡಿ, ಬ್ಯಾಗು ಹೆಗಲಿಗೇರಿಸಿ ಹೊರಟುಬಿಟ್ಟಳು. ಏಪ್ರಿಲ್ ತಿಂಗಳ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಪಾತ್ರೆಯಲ್ಲಿ ನೀರೇ ಬೇರೆ, ಗಡ್ಡೆಯೇ ಬೇರೆ.

ಸಂಜೆ ವಿಚಾರಣೆ ನಡೆಯಿತು. ಆರೋಪಿ ಸ್ವಲ್ಪವೂ ಅಳುಕದೆ ಹೇಳಿದಳು, “ಉಕ್ಕಿದ್ರ ಬಂದ್ ಮಾಡು ಅಂದಿದ್ರಿ ದೊಡ್ಡವ್ವ. ಉಕ್ಕೂತನಕಾ ಬಂದ್ ಮಾಡಬ್ಯಾಡ ಅಂತ ಅಂದಿರಲಿಲ್ಲ.”

ಶೈಲಾ ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ.

“ಆತು, ನಿನ್ನ ಲಾಜಿಕ್ ನಿನ್ನ ಕಡೇನ ಇರಲಿ. ಈಗ ಚಹಾಕ್ಕ ಹಾಲು ಯಾರು ತರಾವ್ರು?” ಅಂದಳು ಶೈಲಾ.

ಯಾರು ತಂದರು ಎಂದು ಬೇರೆ ಹೇಳಬೇಕೆ? ತರ್ಕ ಬಲ್ಲವರಿರುವ ಮನೆಯಲ್ಲಿ ಹಾಲು ತರುವವನು ತರ್ಕ ಬಾರದವನೇ.

ವೈಶಾಲಿ ನನ್ನ ತಮ್ಮ ಮಹಾದೇವನ ಮಗಳು. ಊರು ಖಾನಾಪುರ ತಾಲೂಕಿನದು, ಜಾಂಬೋಟಿಯಿಂದ ಇನ್ನೂ ನಾಲ್ಕು ಕಿಲೋಮೀಟರ್ ಒಳಗೆ. ನಾನು ಮಾಸ್ತರಿಕೆಗೆಂದು ಬೆಳಗಾವಿಗೆ ಬಂದು ಅನಗೋಳದಲ್ಲಿ ಮನೆ ಮಾಡಿದೆ, ತಮ್ಮ ಊರಲ್ಲೇ ಭತ್ತ ಬೆಳೆಯುತ್ತಾನೆ. ಅವ್ವನೂ ಅವನ ಜೊತೆಗೇ ಇದ್ದಾಳೆ. ಹೋದ ವರ್ಷ ವೈಶಾಲಿ ಬಿ.ಎ. ಓದಲಿಕ್ಕೆ ನಮ್ಮ ಮನೆಗೆ ಬಂದಳು. ಅವಳಿಗೆ ಬೇಕಾಗಿದ್ದದ್ದು ಇತಿಹಾಸ ಮತ್ತು ಅರ್ಥಶಾಸ್ತ್ರ. ಸಿಕ್ಕಿದ್ದು ತತ್ವಶಾಸ್ತ್ರ, ಅದರಲ್ಲಿ ಮೊದಲನೇ ಪೇಪರೇ ಲಾಜಿಕ್.

ಯಾಕೆ ಹಾಗಾಯಿತು? ಒಂದು ಬಸ್ಸಿನಿಂದ.

ನಮ್ಮ ಊರಿಗೆ ದಿನಕ್ಕೊಂದೇ ಬಸ್ಸು. ಮಳೆಗಾಲದಲ್ಲಿ ಅದೂ ಖಾತ್ರಿಯಿಲ್ಲ. ಮಳೆ ಹಿಡಿದ ಶುರುವಿಗೇ ಕಂಡಕ್ಟರು ಊರವರಿಗೆಲ್ಲ ಹೇಳಿದ್ದ, “ಮಳಿ ಜೋರ ಆದ್ರ ಬಸ್ ಒಳಗ ಬರೂದಿಲ್ಲ ನೋಡ್ರಿ.” ಆಯಿತು, ಜನ ಒಪ್ಪಿಕೊಂಡರು. ಮಳೆ ಜೋರಾದ ದಿನ ಜಾಂಬೋಟಿಯವರೆಗೆ ನಡೆದರು. ವೈಶಾಲಿಯ ಅಡ್ಮಿಷನ್ ದಿನ ಮಳೆ ಹೊಳವಾಗಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು. ಅಪ್ಪ, ಮಗಳು, ಫೈಲು, ಊರಿನ ಇನ್ನೂ ಹತ್ತು ಜನ, ಎಲ್ಲರೂ ನಿಶ್ಚಿಂತೆಯಿಂದ ರಸ್ತೆಯಲ್ಲಿ ನಿಂತರು. ಬಸ್ಸು ಬರಲೇ ಇಲ್ಲ. ಇವರು ನಡೆದು, ಇನ್ನೊಂದು ಬಸ್ಸು ಹಿಡಿದು ಬೆಳಗಾವಿ ಮುಟ್ಟುವಷ್ಟರಲ್ಲಿ ಬೇಕಾದ ಸೀಟುಗಳೆಲ್ಲ ತುಂಬಿದ್ದವು.

ಮರುದಿನ ಊರವರು ಕಂಡಕ್ಟರನನ್ನು ಹಿಡಿದು ನಿಲ್ಲಿಸಿದರು. ಅವನು ತಣ್ಣಗೆ ಹೇಳಿದನಂತೆ, “ಮಳಿ ಜೋರ ಆದ್ರ ಬರೂದಿಲ್ಲ ಅಂದಿದ್ದೆ. ಮಳಿ ಇಲ್ಲಂದ್ರ ಬರ್ತೀನಿ ಅಂತ ಯಾವಾಗ ಅಂದೆ?”

ಆವತ್ತು ಅವನಿಗೆ ಹೊಡೆಯುವುದೊಂದೇ ಬಾಕಿ ಇತ್ತಂತೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲಾಜಿಕ್ ಕಲಿಸುವವರು ನದಾಫ್ ಮೇಡಂ. ಮನೆಯಲ್ಲಿ ದಖ್ಖನಿ ಉರ್ದು, ಕ್ಲಾಸಿನಲ್ಲಿ ಅಚ್ಚ ಬೆಳಗಾವಿ ಕನ್ನಡ, ಬೋರ್ಡಿನ ಮೇಲೆ ಇಂಗ್ಲಿಷು. ಮೊದಲನೇ ದಿನ ಬಂದವರೇ ಮೂರು ಸಾಲು ಬರೆದರಂತೆ. ಎಲ್ಲ ಎಮ್ಮೆಗಳಿಗೂ ರೆಕ್ಕೆಗಳಿವೆ. ಗೌರಿ ಒಂದು ಎಮ್ಮೆ. ಆದ್ದರಿಂದ ಗೌರಿಗೆ ರೆಕ್ಕೆಗಳಿವೆ. “ವಾದ ಸರಿ ಐತೋ ತಪ್ಪ ಐತೋ?” ಎಂದು ಕೇಳಿದರು. ಇಡೀ ಕ್ಲಾಸು ನಕ್ಕು, ತಪ್ಪು ಅಂದಿತು.

“ವಾದ ಸರಿ ಐತಿ. ಮಾತು ಸುಳ್ಳ ಐತಿ. ಅವೆರಡೂ ಬ್ಯಾರೆ ಬ್ಯಾರೆ,” ಅಂದರು ಮೇಡಂ.

ಆವತ್ತು ವೈಶಾಲಿ ಸರಿಯಾಗಿ ಊಟ ಮಾಡಲಿಲ್ಲ. “ದೊಡ್ಡಪ್ಪ, ಸುಳ್ಳ ಮಾತಿಂದ ಸರಿ ವಾದ ಹೆಂಗ ಆಕ್ಕೈತ್ರಿ?” ಎಂದು ತಾಟಿನ ಮುಂದೆ ಕುಳಿತು ಕೇಳಿದಳು. ಊರಲ್ಲಿ ನಿಜವಾಗಿಯೂ ಗೌರಿ ಎಂಬ ಎಮ್ಮೆ ಇದೆ, ಅದರ ಹಾಲು ಹಿಂಡುತ್ತಿದ್ದದ್ದು ವೈಶಾಲಿಯೇ. ಅದಕ್ಕೆ ರೆಕ್ಕೆ ಹಚ್ಚಿದ್ದು ಅವಳಿಗೆ ಸೇರಿರಲಿಲ್ಲ ಅಂತ ಕಾಣುತ್ತದೆ. ನಾನು ಕನ್ನಡ ಮಾಸ್ತರ. ನನ್ನ ಹತ್ತಿರ ಎಲ್ಲ ಕಾಯಿಲೆಗೂ ಒಂದೇ ಔಷಧ. “ಬಾಯಿಪಾಠ ಮಾಡು” ಅಂದೆ.

ಮಾಡಿದಳು, ಪಾಪ. ಖರೇ, ಸುಳ್ಳು, ಖರೇ, ಖರೇ ಎಂದು ಟ್ರೂತ್ ಟೇಬಲ್ಲನ್ನು ಮಗ್ಗಿಯ ಹಾಗೆ ರಾಗವಾಗಿ ಒಪ್ಪಿಸುತ್ತಿದ್ದಳು. ಪಿ, ಕ್ಯೂ, ಬಾಣದ ಗುರುತು, ಸೊನ್ನೆ. ಮೊದಲ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಆರು ಬಂತು. ಹತ್ತನೇ ಕ್ಲಾಸಿನಲ್ಲಿ ತಾಲೂಕಿನ ಮೇಲಿನ ಸಾಲಿನಲ್ಲಿ ನಿಂತ ಹುಡುಗಿ! ಉತ್ತರಪತ್ರಿಕೆ ತಂದು ನನ್ನ ಮುಂದಿಟ್ಟು, ಒಳಗೆ ಹೋಗಿ ಅತ್ತಳು. ಅಪ್ಪನಿಗೆ ಫೋನ್ ಮಾಡಿ, “ನಾ ಊರಿಗೆ ಬಂದ್ಬಿಡ್ತೀನಿ ಪಪ್ಪಾ, ಇದು ನನಗ ಆಗಾಂಗಿಲ್ಲ” ಅಂದದ್ದು ನನಗೆ ಹೊರಗೆ ಕೇಳಿಸಿತು.

ಪತ್ರಿಕೆಯಲ್ಲಿ ಪ್ರಶ್ನೆ ಇಷ್ಟೇ ಇತ್ತು. ‘ಹಬ್ಬವಿದ್ದರೆ ಅಂಗಡಿ ಮುಚ್ಚಿರುತ್ತದೆ. ಇವತ್ತು ಹಬ್ಬವಿಲ್ಲ. ಇದರಿಂದ ಏನು ತಿಳಿಯುತ್ತದೆ?’ ವೈಶಾಲಿ ಬರೆದಿದ್ದಳು, ‘ಅಂಗಡಿ ತೆರೆದಿರುತ್ತದೆ.’ ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ. ನೀವು? ಮೇಡಂ ಅದರ ಮೇಲೆ ಸೊನ್ನೆ ಸುತ್ತಿ, ಕೆಂಪು ಶಾಯಿಯಲ್ಲಿ ಬರೆದಿದ್ದರು, ‘ಹೇಳದ್ದನ್ನು ಕೂಡಿಸಿಕೊಳ್ಳಬೇಡ.’

ಮರುದಿನ ಅವಳು ಸಬ್ಜೆಕ್ಟ್ ಬದಲಿಸಿ ಎಂದು ಕೇಳಲಿಕ್ಕೇ ಮೇಡಂ ಹತ್ತಿರ ಹೋದಳು. ಬದಲಿಸುವ ದಿನ ಮುಗಿದಿತ್ತು. ಮೇಡಂ ಕುರ್ಚಿ ಎಳೆದು, “ಕುಂದರು” ಅಂದರು. “ಪುಸ್ತಕ ಮುಚ್ಚು. ಯಾರೋ ಒಂದು ಮಾತು ಹೇಳಿ, ನೀ ಅದಕ್ಕ ಇನ್ನೊಂದ ಕೂಡಿಸ್ಕೊಂಡು ಯಾವಾಗರ ಫಜೀತಿ ಪಟ್ಟೀಯೇನ?”

ವೈಶಾಲಿ ಬಸ್ಸಿನ ಕತೆ ಹೇಳಿದಳು.

ಮೇಡಂ ಮೇಜು ಕುಟ್ಟಿ ನಕ್ಕರಂತೆ. “ಅರೇ, ನಿಮ್ಮ ಕಂಡಕ್ಟರ್ ಪಾಸ್, ನಿಮ್ಮ ಊರೆಲ್ಲಾ ಫೇಲ್!”

ಆವತ್ತು ಮನೆಗೆ ಬಂದಾಗ ಅವಳ ಮುಖವೇ ಬೇರೆ. “ದೊಡ್ಡಪ್ಪ, ಆ ಕಂಡಕ್ಟರ್ ಹೇಳಿದ್ದು ಸರಿ ಇತ್ರಿ” ಅಂದಳು. “ಸರಿ ಅಂದ್ರ ಚಲೋ ಮನಿಷಾ ಅಂತ ನಾ ಅನ್ನಲಿಲ್ಲ ಮತ್ತ” ಎಂದೂ ಸೇರಿಸಿದಳು.

ಲಾಜಿಕ್ ಕಲಿತವರು ಎಲ್ಲರ ಮಾತಿಗೂ ಅಡ್ಡ ಮಾತಾಡುತ್ತಾರೆ ಎಂದು ನಾನು ತಿಳಿದಿದ್ದೆ. (ಹಾಲಿನ ಪ್ರಕರಣ ಬಿಡಿ, ಅದು ಹೊತ್ತಾದವರ ವಕಾಲತ್ತು.) ಆದರೆ ಈ ಹುಡುಗಿ ದಿನ ಹೋದಂತೆ ಕಡಿಮೆ ಮಾತಾಡತೊಡಗಿದಳು. ಯಾರಾದರೂ ಏನಾದರೂ ಹೇಳಿದರೆ ಕೇಳಿ, “ಅದನ್ನ ಅವರ ಅಂದ್ರೇನು?” ಎಂದು ಕೇಳುತ್ತಿದ್ದಳು. ಅಷ್ಟೇ. ಶೈಲಾ ಒಮ್ಮೆ ತನ್ನ ತಂಗಿಯ ಮೇಲೆ ಮುನಿಸಿಕೊಂಡಿದ್ದಳು. ಸಿಟ್ಟಿದ್ದರೆ ಮೆಸೇಜಿಗೆ ಉತ್ತರ ಕೊಡುವುದಿಲ್ಲ, ಉತ್ತರ ಕೊಟ್ಟಿಲ್ಲ, ಆದ್ದರಿಂದ ಸಿಟ್ಟಿದ್ದಾಳೆ ಎಂಬುದು ಅವಳ ಲೆಕ್ಕ. ವೈಶಾಲಿ, “ಸಿಟ್ಟಿಲ್ಲದವರೂ ಉತ್ತರ ಕೊಡಾಂಗಿಲ್ಲಲ್ಲ ದೊಡ್ಡವ್ವ. ಒಂದ ಸಲ ಫೋನ್ ಹಚ್ಚಿ ನೋಡ್ರಿ” ಅಂದಳು. ಹಚ್ಚಿದರೆ, ತಂಗಿಯ ಫೋನು ನೀರಿಗೆ ಬಿದ್ದು ನಾಲ್ಕು ದಿನವಾಗಿತ್ತು.

ನಮ್ಮ ಮನೆತನದ ಜಗಳಗಳಲ್ಲಿ ಅರ್ಧದಷ್ಟು ಹೀಗೆಯೇ ಹುಟ್ಟಿದವು ಎಂದು ನನಗೆ ಆಗ ಅನ್ನಿಸಿತು. ಯಾರೋ ಅಂದದ್ದು ಒಂದು, ನಾವು ಕೂಡಿಸಿಕೊಂಡದ್ದು ಒಂಬತ್ತು. ವರ್ಷಗಟ್ಟಲೆ ಸಿಟ್ಟು ಮಾಡುವುದು ಮಾತ್ರ ಆ ಒಂಬತ್ತರ ಮೇಲೆ.

ಇಲ್ಲಿಯವರೆಗೆ ಬೇರೆಯವರ ತಪ್ಪು ಹೇಳಿದೆ. ಇನ್ನು ನನ್ನದು.

ಅವ್ವನಿಗೆ ಎಪ್ಪತ್ತು ದಾಟಿದೆ. ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗುತ್ತ ಬಂದಿತ್ತು. ಖಾನಾಪುರದ ಡಾಕ್ಟರು ನೋಡಿ, “ಆಪರೇಶನ್ ಮಾಡಿಸಬೇಕು, ಬೆಳಗಾವಿಗೆ ಕರಕೊಂಡು ಹೋಗ್ರಿ, ತಡಾ ಮಾಡಬ್ಯಾಡ್ರಿ” ಎಂದು ಚೀಟಿ ಬರೆದುಕೊಟ್ಟರು. ಬೆಳಗಾವಿಯಲ್ಲಿರುವವನು ನಾನು, ಕರೆದುಕೊಂಡು ಹೋಗಬೇಕಾದವನೂ ನಾನೇ. ಪರೀಕ್ಷೆ ಮುಗಿಯಲಿ ಅಂದೆ. ಮಳೆ ನಿಲ್ಲಲಿ ಅಂದೆ. ಭತ್ತದ ಕೊಯ್ಲು ಆಗಲಿ ಅಂದೆ. ಅವ್ವ ಒಂದು ಸಲವೂ “ಯಾವಾಗ” ಎಂದು ಕೇಳಲಿಲ್ಲ.

ಅವ್ವ ಮೊರದಲ್ಲಿ ಅಕ್ಕಿ ಹಸನು ಮಾಡುವುದನ್ನು ಮಾತ್ರ ಬಿಟ್ಟಿರಲಿಲ್ಲ. ಕಾಣದಿದ್ದರೂ ಬೆರಳಲ್ಲೇ ಹರಳು ಹುಡುಕುತ್ತಿದ್ದಳು. ಆಮೇಲೆ ತಮ್ಮನ ಹೆಂಡತಿ ಅದೇ ಅಕ್ಕಿಯನ್ನು ಒಳಗೊಯ್ದು, ಸಪ್ಪಳವಾಗದಂತೆ ಮತ್ತೊಮ್ಮೆ ಹಸನು ಮಾಡುತ್ತಿದ್ದಳು. ಅತ್ತೆಗೆ ಗೊತ್ತಾಗಬಾರದು ಅಂತ.

ದೀಪಾವಳಿಗೆ ಊರಿಗೆ ಹೋದಾಗ ತಮ್ಮ ಖಡಕ್ಕಾಗಿ ಕೇಳಿದ, “ಏನಣ್ಣಾ, ಅವ್ವನ ಕಣ್ಣಿಂದು ಏನ ಮಾಡೂಣು?” ನನ್ನ ನೆವಗಳೆಲ್ಲ ಮುಗಿದಿದ್ದವು. ಆಗ ನಾನು ಹೇಳಿದೆ, “ದೇವಿಗೆ ಕೌಲು ಕೇಳೂಣು.”

ಖಾನಾಪುರದ ಕಡೆಯ ಓದುಗರಿಗೆ ಇದು ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ದೊಡ್ಡ ನಿರ್ಧಾರವಿದ್ದಾಗ ನಮ್ಮಲ್ಲಿ ಊರದೇವಿಯನ್ನು ಕೇಳುವ ಪದ್ಧತಿಯಿದೆ. ಪೂಜೆಯ ಗುರವರು ಹೂವಿನ ಎಸಳನ್ನು ನೀರಲ್ಲಿ ಅದ್ದಿ ಮೂರ್ತಿಯ ಬಲಕ್ಕೊಂದು, ಎಡಕ್ಕೊಂದು ಅಂಟಿಸುತ್ತಾರೆ. ಪ್ರಶ್ನೆಯನ್ನು ಗಟ್ಟಿಯಾಗಿ ದೇವಿಗೆ ಒಪ್ಪಿಸುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಮದುವೆ, ಬಾವಿ, ಹೊಲದ ತಂಟೆ, ಎಲ್ಲವೂ ಅಲ್ಲಿ ತೀರ್ಮಾನವಾಗುತ್ತವೆ. (ಮೂಢನಂಬಿಕೆಯ ವಿರುದ್ಧ ಈ ಅಂಕಣದಲ್ಲಿ ಮೂರು ಸಲವಾದರೂ ಬರೆದಿದ್ದೇನೆ. ಹಳೆಯ ಪತ್ರಿಕೆ ತೆಗೆದು ನನಗೆ ತೋರಿಸಬೇಡಿ.)

ಭಾನುವಾರ ಬೆಳಿಗ್ಗೆ ಎಲ್ಲರೂ ಹೋದೆವು. ಅವ್ವನ ಕೈ ವೈಶಾಲಿ ಹಿಡಿದಿದ್ದಳು. ಗುರವರು ನನ್ನನ್ನು ಕೇಳಿದರು, “ಏನ ಕೇಳಬೇಕು ಮಾಸ್ತರ? ನೀಟ ಹೇಳ್ರಿ. ಒಂದ ಸಲಕ್ಕ ಒಂದ ಮಾತು. ಎರಡು ಕೂಡಿಸಿ ಕೇಳಿದ್ರ ದೇವಿ ಕೌಲು ಕೊಡಾಂಗಿಲ್ಲ.”

ನಾನು ಹೇಳಿದೆ, “ಆಪರೇಶನ್ ಮಾಡಿಸದಿದ್ರ ಅವ್ವ ಆರಾಮ ಇರ್ತಾಳೇನು, ಕೇಳ್ರಿ.”

ಗುರವರು ಅದನ್ನು ಮರಾಠಿಯಲ್ಲಿ ದೇವಿಗೆ ಒಪ್ಪಿಸಿದರು. ನಮ್ಮ ಮನೆಮಾತು ಕನ್ನಡವಾದರೂ ದೇವಿಯ ಜೊತೆ ಮರಾಠಿಯಲ್ಲಿ ಮಾತಾಡುವುದೇ ರೂಢಿ. ಗಂಟೆ ಬಾರಿಸಿದರು. ಎಲ್ಲರ ಕಣ್ಣೂ ಎರಡು ಎಸಳುಗಳ ಮೇಲೆ, ಕಾಣದ ಅವ್ವನದೂ. ಎಷ್ಟು ಹೊತ್ತೋ ಗೊತ್ತಿಲ್ಲ. ಬಲದ ಎಸಳು ಜಾರಿ ಬಿತ್ತು.

ನನಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ತೆಂಗಿನಕಾಯಿ ಒಡೆಸಿದೆ. “ನೋಡವ್ವಾ, ದೇವೀನ ಬ್ಯಾಡ ಅಂದ್ಲು” ಎಂದು ಗಟ್ಟಿಯಾಗಿ ಹೇಳಿದೆ. ಅವ್ವ ಕೈ ಮುಗಿದು, “ಆತು ಬಿಡಪ್ಪಾ” ಅಂದಳು.

ವೈಶಾಲಿ ಮಾತಾಡಿದ್ದು ಮಧ್ಯಾಹ್ನ, ಊಟವಾದ ಮೇಲೆ, ಪಡಸಾಲೆಯಲ್ಲಿ. ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ನನ್ನ ಬಾಜುಕ್ಕೆ ಬಂದು ಕುಳಿತಳು.

“ದೊಡ್ಡಪ್ಪ, ಸಿಟ್ಟಾಗಬ್ಯಾಡ್ರಿ. ದೇವಿ ಹೇಳಿದ್ದಕ್ಕ ನಾ ಏನೂ ಅನ್ನೂದಿಲ್ಲ. ನೀವು ತಗದ ಕಂಕ್ಲೂಷನ್ ಅಷ್ಟ ತಪ್ಪ ಐತಿ.”

“ಏನಂದಿ?”

“ಮಾಡಿಸದಿದ್ರ ಆರಾಮ ಇರ್ತಾಳ ಅಂದಾಳ ದೇವಿ. ಮಾಡಿಸಿದ್ರ ಕೆಡತೈತಿ ಅಂತ ಎಲ್ಲಿ ಅಂದಾಳ್ರಿ? ಅದು ನಮ್ಮ ಬಸ್ಸಿನಂಗ ಆತು. ಮತ್ತ ನೀವು ಆರಾಮ ಇರ್ತಾಳೇನು ಅಂತ ಕೇಳಿದ್ರಿ. ಕಣ್ಣು ಕಾಣತಾವೇನು ಅಂತ ಕೇಳಲೇ ಇಲ್ಲ. ಕಣ್ಣು ಕಾಣದನೂ ಆರಾಮ ಇರಾಕ ಬರತೈತಿ.”

ನಾನು ಸಿಟ್ಟಾದೆ, ಬಹಳ ಸಿಟ್ಟಾದೆ. “ದೇವರ ಮುಂದ ನಿನ್ನ ಲಾಜಿಕ್ ಹಚ್ಚತಿಯೇನ? ಇದನ್ನ ಕಲಿಸಾಕ ನಿನ್ನ ಬೆಳಗಾವಿಗೆ ಕರಕೊಂಡ ಹೋಗೀನೇನ?” ಎಂದು ಕೂಗಿದೆ. ಒಳಗೆ ಪಾತ್ರೆ ತೊಳೆಯುವ ಸಪ್ಪಳ ನಿಂತಿತು. ನಾನು ಯಾವತ್ತೂ ಆ ಹುಡುಗಿಗೆ ಹಾಗೆ ಕೂಗಿದವನಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ದೇವಿಯ ಮೇಲೆ ಅಷ್ಟು ಭಕ್ತಿ ನನಗೆ ಯಾವಾಗ ಬಂದಿತ್ತು?

ವೈಶಾಲಿಯ ಕಣ್ಣಲ್ಲಿ ನೀರು ಬಂತು, ಆದರೆ ಎದ್ದು ಹೋಗಲಿಲ್ಲ. ಹಾಳೆಯ ಮೇಲೆ ಮೂರು ಸಾಲಿಗೆ ನಂಬರ್ ಹಾಕಿದಳು. ಒಂದನೆಯದರ ಮುಂದೆ ಬರೆದಳು, ‘ಆಪರೇಶನ್ ಮಾಡಿಸದಿದ್ದರೆ ಆಯಿ ಆರಾಮ ಇರುತ್ತಾಳೆ.’ (ಅಜ್ಜಿಯನ್ನು ಅವಳು ಕರೆಯುವುದು ಆಯಿ ಎಂದು.) ಮೂರನೆಯದರ ಮುಂದೆ, ‘ಆದ್ದರಿಂದ ಆಪರೇಶನ್ ಮಾಡಿಸಬಾರದು.’ ಎರಡನೆಯದನ್ನು ಖಾಲಿ ಬಿಟ್ಟಳು.

“ಒಂದರಿಂದ ಸೀದಾ ಮೂರಕ್ಕ ಹೋಗಾಕ ಬರೂದಿಲ್ರಿ. ನಡುವ ಒಂದು ಮಾತು ಐತಿ. ಅದು ದೇವೀದಲ್ಲ. ಅದನ್ನ ನೀವ ಬರೀಬೇಕು,” ಅಂದು ಪೆನ್ನು ನನ್ನ ಮುಂದಿಟ್ಟಳು.

ಪೆನ್ನನ್ನು ಮುಟ್ಟದೆ ನಾನು ಎದ್ದು ಅಂಗಳಕ್ಕೆ ಹೋದೆ.

ಅವ್ವ ಅಲ್ಲೇ ಬಿಸಿಲಿಗೆ ಬೆನ್ನು ಕೊಟ್ಟು ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ನನ್ನ ಹೆಜ್ಜೆ ಗುರುತು ಹಿಡಿದು, ಮೊರ ಸರಿಸಿ ಜಾಗ ಮಾಡಿದಳು.

“ಕೂಸಿಗ ಯಾಕ ಬಯ್ದೀ?”

“ಏನಿಲ್ಲವ್ವಾ.”

“ಏನ ಬರಿ ಅಂತ ಪೆನ್ ಕೊಟ್ಟಿತ್ತು?”

“ಏನೋ ಅದರ ಲಾಜಿಕ್ಕು.”

ಅವ್ವ ಸ್ವಲ್ಪ ಹೊತ್ತು ಅಕ್ಕಿಯಲ್ಲಿ ಬೆರಳಾಡಿಸಿದಳು. ಒಂದು ಹರಳು ಸಿಕ್ಕಿತು, ಎಸೆದಳು.

“ನಿಮ್ಮಪ್ಪನ ಆಪರೇಶನ್ನಿಗೆ ನೀ ಸಹಿ ಮಾಡಿದ್ದಿ. ಅದನ್ನ ಬರಿ.”

ಆ ಸಹಿ ನನ್ನೊಳಗೆ ಕೊರೆಯುತ್ತಿದ್ದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ, ಈ ಅಂಕಣದಲ್ಲೂ ಬರೆದಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅಪ್ಪನಿಗೆ ಹರ್ನಿಯಾ ಆಪರೇಶನ್ ಆಯಿತು. ಸಣ್ಣ ಆಪರೇಶನ್ ಅಂದಿದ್ದರು. ಫಾರ್ಮಿಗೆ ಸಹಿ ಹಾಕಿದವನು ನಾನು. ಅಪ್ಪನಿಗೆ ಮನಸ್ಸಿರಲಿಲ್ಲ, ಒಪ್ಪಿಸಿದವನೂ ನಾನೇ. ಮೂರನೇ ದಿನ ಅಪ್ಪ ಹೋದ. ಡಾಕ್ಟರ ತಪ್ಪಿರಲಿಲ್ಲ, ಹೃದಯ ನಿಂತಿತು. ಎಲ್ಲರೂ ಹಾಗೇ ಹೇಳಿದರು, ನಾನೂ ಎಲ್ಲರಿಗೆ ಹಾಗೇ ಹೇಳಿದೆ. ಆದರೆ ಆ ಸಹಿ ಮಾಡಿದ ಕೈ ನನ್ನ ಹತ್ತಿರವೇ ಇದೆಯಲ್ಲ. ಅವತ್ತಿನಿಂದ ಶಾಲೆಯ ಹಾಜರಿಗೆ ಸಹಿ ಮಾಡುತ್ತೇನೆ, ಮಕ್ಕಳ ಪ್ರಗತಿಪತ್ರಕ್ಕೆ ಮಾಡುತ್ತೇನೆ. ಆಸ್ಪತ್ರೆಯ ಕಾಗದವೆಂದರೆ ಬೆವರುತ್ತೇನೆ.

“ನಿನಗ ಹೆಂಗ ಗೊತ್ತಾತವ್ವಾ?”

“ನೀ ಪರೀಕ್ಷಿ ಅಂದಿ, ಮಳಿ ಅಂದಿ, ಸುಗ್ಗಿ ಅಂದಿ. ನನ್ನ ಕಣ್ಣಿಗ ಪೊರಿ ಬಂದೈತಿ, ಕಿವಿಗ ಬಂದಿಲ್ಲ. ನೀ ಅಂಜತಿ ಅಂತ ನಾ ಸುಮ್ಮ ಕುಂತೆ.”

ಅಂದರೆ ವರ್ಷವಿಡೀ ನನ್ನ ತಾಯಿ ನನ್ನ ಅಂಜಿಕೆಯ ಸಲುವಾಗಿ ಕತ್ತಲಲ್ಲಿ ಕುಳಿತಿದ್ದಳು. ನಾನು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅಲ್ಲೇ ಅಂಗಳದಲ್ಲಿ, ಐವತ್ತು ದಾಟಿದ ಮಾಸ್ತರ, ಅತ್ತುಬಿಟ್ಟೆ. ಅವ್ವ ಅಕ್ಕಿಯ ಧೂಳಿನ ಕೈಯಲ್ಲೇ ನನ್ನ ಬೆನ್ನು ಸವರಿದಳು. “ನೀ ಸಹಿ ಮಾಡಿದ್ದಕ್ಕ ಅವರು ಹೋಗಲಿಲ್ಲೋ ಯಪ್ಪಾ. ಸಹಿ ಮಾಡಿದ್ಮ್ಯಾಲ ಹೋದ್ರು, ಅಷ್ಟ.”

ಬಾಗಿಲಲ್ಲಿ ನಿಂತ ವೈಶಾಲಿ ಇದನ್ನು ಕೇಳಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಒಂದಾದ ಮೇಲೆ ಇನ್ನೊಂದು ಆಯಿತೆಂದು ಒಂದರಿಂದಲೇ ಇನ್ನೊಂದು ಆಯಿತು ಎನ್ನಬಾರದು. ಈ ಪಾಠ ಅವರ ಸಿಲಬಸ್ಸಿನಲ್ಲಿ ಮುಂದಿನ ಸೆಮಿಸ್ಟರಿಗಿತ್ತಂತೆ.

ಒಳಗೆ ಹೋಗಿ ಎರಡನೇ ಸಾಲು ಬರೆದೆ. ‘ಆಪರೇಶನ್ ಮಾಡಿಸಿದವರು ತಿರುಗಿ ಬರುವುದಿಲ್ಲ.’ ಬರೆದು ನೋಡಿದರೆ ಎಷ್ಟು ಸಣ್ಣದಾಗಿ, ಎಷ್ಟು ತಪ್ಪಾಗಿ ಕಾಣುತ್ತಿತ್ತು! ನನ್ನ ಶಾಲೆಯ ಮಗು ಬರೆದಿದ್ದರೆ ಕೆಂಪು ಗೆರೆ ಎಳೆದು ಹೊಡೆದು ಹಾಕುತ್ತಿದ್ದೆ. ಒಳಗೆ ಇಟ್ಟುಕೊಂಡಿದ್ದಾಗ ಮಾತ್ರ ಹನ್ನೊಂದು ವರ್ಷ ಅದು ಬೆಟ್ಟದಷ್ಟಿತ್ತು.

ಅವ್ವ ತನ್ನ ತೀರ್ಪು ಕೊಟ್ಟಳು. “ದೇವಿ ಬಲಕ್ಕ ಕೊಟ್ಟಾಳ. ಅಂದ್ರ ಏನ ಮಾಡಿದ್ರೂ ನಾ ಆರಾಮ ಇರ್ತೀನಿ. ನಡೀರಿ ಹೋಗೂಣು.”

“ಆಯಿ, ಅದೂ ಕೂಡಿಸ್ಕೊಂಡಂಗ ಆತು. ದೇವಿ ಹಂಗ ಅಂದಿಲ್ಲ,” ಅಂದಳು ವೈಶಾಲಿ.

“ನೀ ಸುಮ್ಮನಿರ. ಅಷ್ಟು ನಾನ ಕೂಡಿಸ್ಕೋತೀನಿ.”

ನದಾಫ್ ಮೇಡಂ ಇದಕ್ಕೆ ಎಷ್ಟು ಅಂಕ ಕೊಡುತ್ತಿದ್ದರೋ ಗೊತ್ತಿಲ್ಲ. ಆದರೆ ಗೊತ್ತಿದ್ದೂ ಕೂಡಿಸಿಕೊಳ್ಳುವುದು ಬೇರೆ, ಗೊತ್ತಿಲ್ಲದೆ ಕೂಡಿಸಿಕೊಳ್ಳುವುದು ಬೇರೆ ಎಂದು ನನಗೆ ಅವತ್ತು ತಿಳಿಯಿತು. ಹೊರಡುವ ಮುನ್ನ ಅವ್ವ ಗುಡಿಗೆ ಹೋಗಿ ಹಣೆಗೆ ಅಂಗಾರ, ಅಂದರೆ ದೇವಿಯ ಬೂದಿ, ಹಚ್ಚಿಸಿಕೊಂಡು ಬಂದಳು. ಆಪರೇಶನ್ ಮಾಡಿಸುತ್ತೇವೆ ಎಂದು ಗುರವರಿಗೆ ಅಳುಕುತ್ತಲೇ ಹೇಳಿದೆ. ಅವರು ಹುಬ್ಬು ಕೂಡ ಏರಿಸಲಿಲ್ಲ. “ಮಾಡಸ್ರಲಾ. ನೀವು ಕೇಳಿದ್ದಷ್ಟ ನಾ ಕೇಳಿದೆ. ಕೇಳದ್ದಕ್ಕ ದೇವಿ ಯಾಕ ಉತ್ತರ ಕೊಡತಾಳ?” ಅಂದರು. ಇವರೂ ಪಾಸ್.

ಡಿಸೆಂಬರಿನಲ್ಲಿ ಬಲಗಣ್ಣಿನ ಆಪರೇಶನ್ ಆಯಿತು. ಆಸ್ಪತ್ರೆಯಲ್ಲಿ ಫಾರ್ಮು ಬಂದಾಗ ಅವ್ವ, “ನನ್ನ ಕಣ್ಣು, ನನ್ನ ಸಹಿ” ಅಂದಳು. ವೈಶಾಲಿ ಅವಳ ಬೆರಳು ಹಿಡಿದು ಗೆರೆಯ ಮೇಲೆ ತಂದಿಟ್ಟಳು. ಅವ್ವ ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಅರ್ಧ ಗೆರೆಯ ಮೇಲೆ, ಅರ್ಧ ಕೆಳಗೆ. ಸಂಬಂಧಿಕರ ಸಹಿಯನ್ನು ತಮ್ಮ ಮಾಡಿದ. ನಾನು ಹೊರಗೆ ಕಾರಿಡಾರಿನಲ್ಲಿ ನಿಂತು ಗೋಡೆಯ ಮೇಲಿನ ಕಣ್ಣಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಪಟ್ಟಿ ಬಿಚ್ಚಿದ ಮೇಲೆ ಅವ್ವ ಮೊದಲು ವೈಶಾಲಿಯನ್ನು ನೋಡಿ, ದೃಷ್ಟಿ ತೆಗೆದಳು. ಆಮೇಲೆ ನನ್ನನ್ನು ನೋಡಿದಳು. “ನಿನ್ನ ತಲಿ ಇಷ್ಟ ಬೆಳ್ಳಗ ಯಾವಾಗ ಆತೋ?” ಊರಿಗೆ ಹೋದವಳೇ ಅಕ್ಕಿಯ ಮೊರ ಹಿಡಿದು ಕುಳಿತಳು. ಸೊಸೆಯನ್ನು ಕರೆದು, “ಇನ್ನ ನೀ ಒಳಗ ಕದ್ದು ಹಸನ ಮಾಡೂದು ಬಿಡವ್ವಾ” ಅಂದಳಂತೆ. ಅದೂ ಅವಳಿಗೆ ಗೊತ್ತಿತ್ತು!

ನಾನು ಹಿಗ್ಗಿನಿಂದ ವೈಶಾಲಿಗೆ, “ನೋಡಿದಿ? ನನ್ನ ಅಂಜಿಕಿ ಸುಳ್ಳಂತ ಸಿದ್ಧ ಆತು” ಅಂದೆ. ಹುಡುಗಿ ಅದನ್ನೂ ಬಿಡಲಿಲ್ಲ. “ಒಬ್ರು ಹೋದ್ರು ಅಂತ ಎಲ್ಲಾರೂ ಹೋಗ್ತಾರ ಅನ್ನೂದು ತಪ್ಪಿದ್ರ, ಒಬ್ರು ಆರಾಮ ಆದ್ರು ಅಂತ ಎಲ್ಲಾರೂ ಆರಾಮ ಆಗ್ತಾರ ಅನ್ನೂದೂ ತಪ್ಪ ದೊಡ್ಡಪ್ಪ. ಅಂಜಿಕಿ ಇರಲಿ. ಅದನ್ನ ಹೇಳಿ ಅಂಜ್ರಿ.” ಸೆಮಿಸ್ಟರ್ ಪರೀಕ್ಷೆಯಲ್ಲಿ, ವಾದದಲ್ಲಿ ಅಡಗಿದ ಮಾತನ್ನು ಉದಾಹರಣೆ ಸಹಿತ ವಿವರಿಸಿ ಎಂಬ ಪ್ರಶ್ನೆ ಬಂದಿತ್ತು. ಹೆಸರು ಹಾಕದೆ ನನ್ನ ವಾದವನ್ನೇ ಬರೆದು ಬಂದಿದ್ದಾಳೆ. ಲಾಜಿಕ್ಕಿನಲ್ಲಿ ಈಗ ಕ್ಲಾಸಿಗೇ ಮೊದಲು. ಊರಿಗೆ ವಾಪಸು ಹೋಗುವ ಮಾತು ನಿಂತಿದೆ, ಮೇಡಂ ಎಂ.ಎ. ಮಾಡು ಎಂದು ಬೆನ್ನು ಹತ್ತಿದ್ದಾರೆ. ಬಸ್ಸು ತಪ್ಪಿದ್ದಕ್ಕೆ ಒಳ್ಳೆಯದಾಯಿತು ಎಂದು ನಾನು ಹೇಳಲು ಹೋದೆ. ಅವಳು ನನ್ನನ್ನೊಮ್ಮೆ ನೋಡಿದಳು. ಬಾಯಿ ಮುಚ್ಚಿದೆ.

ಈ ತಿಂಗಳ ಕೊನೆಗೆ ಅವ್ವನ ಎಡಗಣ್ಣು. ಮೊನ್ನೆ ತಪಾಸಣೆಗೆ ಬಂದಾಗ ಆಸ್ಪತ್ರೆಯವರು ಫಾರ್ಮು ಕೊಟ್ಟು, ಮನೆಯಲ್ಲಿ ಓದಿ ಸಹಿ ಮಾಡಿ ತನ್ನಿ ಅಂದರು. ಅವ್ವ ತನ್ನ ಗೆರೆಯ ಮೇಲೆ ಈ ಸಲ ನೆಟ್ಟಗೆ ಸಹಿ ಮಾಡಿದಳು. ಆಮೇಲೆ ಫಾರ್ಮನ್ನು ತಮ್ಮನಿಗೆ ಕೊಡದೆ ನನ್ನ ಕೈಯಲ್ಲಿಟ್ಟಳು. “ಈ ಸಲ ಬಾಜುಕಿನ ಸಹಿ ನಿಂದು” ಅಂದಳು.

ಅದು ಈಗ ನನ್ನ ಮೇಜಿನ ಮೇಲಿದೆ, ಈ ಹಾಳೆಗಳ ಪಕ್ಕದಲ್ಲೇ. ಅವ್ವನ ಹೆಸರಿನ ಬಾಜುಕ್ಕೆ ಸಂಬಂಧಿಕರ ಗೆರೆ ಖಾಲಿ. ಅಂಕಣ ಮುಗಿಸಿ ಸಹಿ ಮಾಡುತ್ತೇನೆ ಎಂದು ಬೆಳಿಗ್ಗೆ ಮನೆಯವರಿಗೆ ಹೇಳಿ ಕುಳಿತವನು ನಾನು. ಚಹಾ ತಂದಿಟ್ಟ ವೈಶಾಲಿ ನನ್ನ ಹಾಳೆಗಳನ್ನು ಎಣಿಸಿ, ಫಾರ್ಮಿನ ಕಡೆ ನೋಡಿ ಅಂದಳು, “ಅಂಜಿಕಿ ಇದ್ದಾಗೆಲ್ಲಾ ದೊಡ್ಡಪ್ಪ ಅಂಕಣ ಉದ್ದ ಬರೀತಾರ. ಇವತ್ತ ಅಂಜಿಕಿ ಐತಿ.”

ಅವಳ ವಾದದಲ್ಲಿ ತಪ್ಪು ಹುಡುಕುತ್ತಲೇ ಸಹಿ ಮಾಡಲು ಪೆನ್ನಿನ ಮುಚ್ಚಳ ತೆಗೆದಿದ್ದೇನೆ, ತಪ್ಪು ಮಾತ್ರ ಸಿಗುತ್ತಿಲ್ಲ.